ಬಿಸಿಲು, ಬೆವರು, ನೀರು: ಯಾದಗಿರಿ–ಶಹಾಪುರ–ಸುರಪುರ ಸೀಮೆಯ ಹಿನ್ನೆಲೆಯಲ್ಲಿ ಬೆವರಿನ ವಿಜ್ಞಾನದ ಚಾರಿತ್ರಿಕ ಅವಲೋಕನ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಭೂಭಾಗವನ್ನು ಪುರಾತತ್ತ್ವಜ್ಞರು ಸುರಪುರ ದೋಆಬ್ ಎಂದು ಗುರುತಿಸುತ್ತಾರೆ. ಸುರಪುರ ಮತ್ತು ಶಹಾಪುರಗಳು ಈ ಭಾಗದಲ್ಲಿಯೂ ಯಾದಗಿರಿ ಭೀಮೆಯ ಆಚೆಯ ದಡದಲ್ಲಿಯೂ ಇವೆ. ಹಳೆಯ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಈ ಮೂರೂ ತಾಲ್ಲೂಕುಗಳು 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾಗಿ ಬೇರ್ಪಟ್ಟವು. ಈ ಸೀಮೆಯ ಶಾಸನಗಳು, ಕೋಟೆಗಳು, ಸುರಪುರದ ನಾಯಕರ ಮನೆತನ, 1858ರ ಬಂಡಾಯ ಇವುಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಇಲ್ಲಿನ ಜನಜೀವನವನ್ನು ಎಲ್ಲ ಕಾಲಗಳಲ್ಲಿಯೂ ನಿರ್ಣಯಿಸಿದ ಒಂದು ಸಂಗತಿ, ಎಂದರೆ ಬಿಸಿಲು ಮತ್ತು ಆ ಬಿಸಿಲನ್ನು ಎದುರಿಸಿದ ಮನುಷ್ಯದೇಹ, ಇತಿಹಾಸದ ವಸ್ತುವಾಗಿ ಪರಿಗಣಿತವಾಗಿಲ್ಲ. ಏಪ್ರಿಲ್–ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಈ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಎಂಟು ಗಂಟೆಗೆ ಬದಲಾಯಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಆಡಳಿತವೇ ಒಪ್ಪಿಕೊಂಡಿರುವ ಈ ಝಳದಲ್ಲಿ ದೇಹ ಉಳಿಯುವುದು ಬೆವರಿನಿಂದ. ಬೆವರನ್ನು ಕುರಿತ ವೈಜ್ಞಾನಿಕ ಅನ್ವೇಷಣೆ ಹೇಗೆ ಬೆಳೆಯಿತು, ಅದು ಆರೋಗ್ಯವನ್ನು ಅಳೆಯುವ ಸಾಧನವಾಗಿ ಹೇಗೆ ಮಾರ್ಪಟ್ಟಿತು, ಈ ಸೀಮೆಯ ಒಂದು ತಾಂಡಾದಲ್ಲಿ ಬೆಳಕಿಗೆ ಬಂದ ದುರಂತಕ್ಕೂ ಈ ಅನ್ವೇಷಣೆಗೂ ಇರುವ ಸಂಬಂಧವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಚರಿತ್ರೆಯ ಆರಂಭವನ್ನು ಬಹಳ ಹಿಂದಕ್ಕೆ ಒಯ್ಯಬೇಕಾಗುತ್ತದೆ. ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು 1960ರ ದಶಕದಿಂದ ದೋಆಬಿನಲ್ಲಿ ನಡೆಸಿದ ಸಂಶೋಧನೆಗಳಿಂದ ಹುಣಸಗಿ ಮತ್ತು ಬೈಚಬಾಳ ಕಣಿವೆಗಳು ಪ್ರಾಗಿತಿಹಾಸದ ಜಾಗತಿಕ ನಕ್ಷೆಯಲ್ಲಿ ಸ್ಥಾನ ಪಡೆದವು. ಇಸಾಂಪುರದ ಸುಣ್ಣಶಿಲೆಯ ಬಂಡೆಗಳ ನಡುವೆ ಅಶೂಲಿಯನ್ ಕಾಲದ ಮಾನವರು ಕೈಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆ ಪತ್ತೆಯಾಗಿದೆ. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳ ಕಾಲನಿರ್ಣಯದಿಂದ ಈ ನೆಲೆಯ ಪ್ರಾಚೀನತೆ ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಿಸಲಾಗಿದೆ. ಪದ್ದಯ್ಯನವರು ಈ ನೆಲೆಗಳ ಹಂಚಿಕೆಯನ್ನು ಪರಿಶೀಲಿಸಿ, ಮಳೆಗಾಲದಲ್ಲಿ ಚಿಕ್ಕ ಗುಂಪುಗಳಾಗಿ ಕಣಿವೆಯ ತುಂಬ ಚದುರಿಹೋಗುತ್ತಿದ್ದ ಜನ ಬೇಸಿಗೆಯಲ್ಲಿ ಬತ್ತದ ಒರತೆ–ಮಡುಗಳ ಬಳಿ ಒಟ್ಟುಗೂಡುತ್ತಿದ್ದರೆಂದು ತೀರ್ಮಾನಿಸಿದ್ದಾರೆ. ಈ ತೀರ್ಮಾನವನ್ನು ಶರೀರವಿಜ್ಞಾನದ ದೃಷ್ಟಿಯಿಂದ ಓದಿದರೆ ಇನ್ನೊಂದು ಅರ್ಥ ಹೊಮ್ಮುತ್ತದೆ. ಮನುಷ್ಯನ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಗ್ರಂಥಿಗಳಿವೆ. ಚಿಂಪಾಂಜಿ ಮತ್ತು ಮಕಾಕ್ ಕೋತಿಗಳಿಗೆ ಹೋಲಿಸಿದರೆ ಅವುಗಳ ದಟ್ಟಣೆ ಸುಮಾರು ಹತ್ತು ಪಟ್ಟು. ಈ ವ್ಯತ್ಯಾಸಕ್ಕೆ ಇಎನ್1 ಎಂಬ ಜೀನಿನ ಕಾರ್ಯವನ್ನು ನಿಯಂತ್ರಿಸುವ ಭಾಗದಲ್ಲಿ ಆದ ಬದಲಾವಣೆಗಳು ಕಾರಣವಾಗಿವೆಯೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಉರಿಬಿಸಿಲಿನಲ್ಲಿ ನಡೆಯಬಲ್ಲ, ಓಡಬಲ್ಲ ಶಕ್ತಿಯನ್ನು ಈ ಗ್ರಂಥಿಗಳು ಮನುಷ್ಯನಿಗೆ ಕೊಟ್ಟವು. ಆದರೆ ಆ ಶಕ್ತಿಗೆ ಪ್ರತಿಯಾಗಿ ಆತ ನೀರಿನ ಸೆರೆಯಾಳಾದ. ಹುಣಸಗಿಯ ಜನ ಬೇಸಿಗೆಯಲ್ಲಿ ಒರತೆಯನ್ನು ಬಿಟ್ಟು ಹೋಗಲಾರದವರಾದದ್ದು ಈ ಕಾರಣದಿಂದಲೇ ಎಂದು ಊಹಿಸುವುದು ಅಸಂಗತವಾಗಲಾರದು. ಬೆವರುವ ದೇಹಕ್ಕೆ ನೀರಿನ ನೆಲೆಯೇ ಊರಿನ ನೆಲೆ. ಈ ಮಾತು ಮುಂದೆ ಕಿರದಳ್ಳಿಯ ಪ್ರಸಂಗದಲ್ಲಿ ಬೇರೊಂದು ರೀತಿಯಲ್ಲಿ ಪುನಃ ಎದುರಾಗುತ್ತದೆ.

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಬೆವರನ್ನು ಎರಡು ಬಗೆಯಲ್ಲಿ ಕಂಡಿವೆ. ಒಂದು, ಚಿಕಿತ್ಸೆಯಾಗಿ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಸ್ವೇದನಕ್ಕಾಗಿಯೇ ಒಂದು ಅಧ್ಯಾಯವಿದ್ದು ಅಗ್ನಿಯ ನೆರವಿನಿಂದ ಮಾಡುವ 13 ಬಗೆಯ ಮತ್ತು ಅಗ್ನಿಯಿಲ್ಲದೆ ಮಾಡುವ 10 ಬಗೆಯ ಬೆವರಿಳಿಸುವ ಕ್ರಮಗಳು ಅಲ್ಲಿ ನಿರೂಪಿತವಾಗಿವೆ. ಎರಡನೆಯದು, ಲಕ್ಷಣವಾಗಿ. ಬೆವರನ್ನು ಒಯ್ಯುವ ಸ್ರೋತಸ್ಸುಗಳಿಗೆ ಮೇದಸ್ಸು ಮತ್ತು ರೋಮಕೂಪಗಳು ಮೂಲವೆಂದೂ ಅವು ಕೆಟ್ಟಾಗ ಬೆವರದಿರುವುದು, ಅತಿಯಾಗಿ ಬೆವರುವುದು, ಚರ್ಮ ಒರಟಾಗುವುದು, ಮೈಯುರಿ ಮೊದಲಾದುವು ಕಾಣಿಸಿಕೊಳ್ಳುವುವೆಂದೂ ಚರಕ ಹೇಳುತ್ತಾನೆ. ಬೆವರು ಕಟ್ಟುವುದನ್ನು ಸುಶ್ರುತ ಜ್ವರದ ಮೊದಲ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಇವೆಲ್ಲಕ್ಕಿಂತ ಕುತೂಹಲಕರವಾದುದು ಪ್ರಮೇಹದ ಪೂರ್ವರೂಪಗಳ ವರ್ಣನೆ. ರೋಗ ಪ್ರಕಟವಾಗುವ ಮೊದಲೇ ಮೂತ್ರಕ್ಕೆ ಮಾತ್ರವಲ್ಲದೆ ರೋಗಿಯ ಮೈಗೂ ಇರುವೆ–ದುಂಬಿಗಳು ಮುತ್ತುತ್ತವೆ ಎಂಬ ಅವಲೋಕನ ಅಲ್ಲಿದೆ. ಬೆವರಿನಲ್ಲಿರುವ ಸಕ್ಕರೆಯ ಅಂಶದಿಂದ ಮಧುಮೇಹವನ್ನು ಅರಿಯಬೇಕೆಂಬ ಇಂದಿನ ಪ್ರಯೋಗಾಲಯಗಳ ಹಂಬಲಕ್ಕೆ ಇದು ದೂರದ ಪೂರ್ವಸೂಚನೆಯಂತೆ ಕಂಡರೂ, ಎರಡನ್ನೂ ಒಂದೇ ಎಂದು ಸಾಧಿಸಹೊರಡುವುದು ಇತಿಹಾಸಕಾರನಿಗೆ ತಕ್ಕ ಕೆಲಸವಲ್ಲ. ಅಂದಿನ ವೈದ್ಯ ನೋಡಿ ತಿಳಿದ, ಅಳೆದು ತಿಳಿಯಲಿಲ್ಲ.

ಈ ವೈದ್ಯಪರಂಪರೆ ನಮ್ಮ ಸೀಮೆಗೆ ಪರಕೀಯವಾದುದಲ್ಲ. ಯಾದಗಿರಿಯ ಉತ್ತರಕ್ಕಿರುವ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಜೈನ ವೈದ್ಯ ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ಕ್ಕೆ ನೃಪತುಂಗವಲ್ಲಭನ ಆಸ್ಥಾನದ ಸಂಬಂಧವಿದೆ. ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥ 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯವನ್ನೇ ವಸ್ತುವಾಗಿ ಉಳ್ಳ ಕನ್ನಡ ಕೃತಿ. ಖನಿಜವಿಷಗಳ ಪರಿಚಯ ನಮ್ಮ ವೈದ್ಯರಿಗೆ ಇತ್ತೆಂಬುದನ್ನು ಮುಂದಿನ ಚರ್ಚೆಗಾಗಿ ಇಲ್ಲಿ ನೆನೆಯಬಹುದು. ಸುರಪುರ ಸೀಮೆಯ ಮುದನೂರಿನಲ್ಲಿ ನೇಯ್ಗೆಯ ದೇವರ ದಾಸಿಮಯ್ಯ, ಕೆಂಭಾವಿಯಲ್ಲಿ ಭೋಗಯ್ಯ ಬಾಳಿದರು. ದುಡಿದು ಬೆವರಿದ ಮೈಗೆ ಗೌರವ ತಂದ ಶರಣಸಂಸ್ಕೃತಿಯ ನೆಲ ಇದು. ಆದರೂ ಆ ಬೆವರಿನಲ್ಲಿ ಏನಿದೆ, ಅದು ಎಷ್ಟು ಹರಿಯುತ್ತದೆ ಎಂಬ ಪ್ರಶ್ನೆ ಇಲ್ಲಿ ಹುಟ್ಟಲಿಲ್ಲ.

ಅಳೆಯುವ ಪದ್ಧತಿ ಇಟಲಿಯಲ್ಲಿ ಆರಂಭವಾಯಿತು. ಪಡುವಾದ ವೈದ್ಯ ಸ್ಯಾಂಟೋರಿಯೊ ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರ ಮೇಲೆ ಕುಳಿತು, ತಾನು ಉಂಡದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿ ನೋಡಿದನು. ಒಳಹೋದುದಕ್ಕೂ ಹೊರಬಂದುದಕ್ಕೂ ನಡುವೆ ದೊಡ್ಡ ಅಂತರವಿತ್ತು. ಕಣ್ಣಿಗೆ ಕಾಣದೆ ಚರ್ಮದಿಂದಲೂ ಉಸಿರಿನಿಂದಲೂ ಆವಿಯಾಗಿ ಹೋಗುವ ಅಂಶವೇ ಈ ಅಂತರಕ್ಕೆ ಕಾರಣವೆಂದು ಅವನು 1614ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಬೆವರು ತಂಪು ಮಾಡುತ್ತದೆ ಎಂಬುದನ್ನು ನಾಟಕೀಯವಾಗಿ ತೋರಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಬ್ಲಾಗ್ಡನ್. 1775ರಲ್ಲಿ ಅವನು ಸಂಗಡಿಗರೊಡನೆ ನೀರು ಕುದಿಯುವ ಉಷ್ಣತೆಯನ್ನು ಮೀರಿದ ಒಣಬಿಸಿಯ ಕೋಣೆಯನ್ನು ಹೊಕ್ಕು ಕೆಲವು ನಿಮಿಷ ಕಳೆದು ಕ್ಷೇಮವಾಗಿ ಹೊರಬಂದನು. ಅದೇ ಕೋಣೆಯಲ್ಲಿ ಇಟ್ಟ ಮೊಟ್ಟೆಗಳೂ ಮಾಂಸವೂ ಬೆಂದಿದ್ದವು. ಈ ತತ್ತ್ವ ನಮ್ಮ ಮನೆಗಳ ರಂಜಣಿಗೆಯಲ್ಲಿ ನಿತ್ಯವೂ ಕಾಣುವಂಥದು. ಮಣ್ಣಿನ ಪಾತ್ರೆಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ನೀರನ್ನು ತಂಪಾಗಿಸುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ‘ಆರಿದರೆ’ ಎಂಬ ಮಾತು ಇಲ್ಲಿ ಮುಖ್ಯ. ಗಾಳಿಯಲ್ಲಿ ತೇವ ಹೆಚ್ಚಿದ್ದು ಬೆವರು ಆರದೆ ತೊಟ್ಟಿಕ್ಕಿದರೆ ದೇಹಕ್ಕೆ ನೀರಿನ ನಷ್ಟ ಮಾತ್ರ ಉಳಿಯುತ್ತದೆ.

19ನೆಯ ಶತಮಾನದಲ್ಲಿ ಪುರ್ಕಿನ್ಯೆ ಮೊದಲಾದವರು ಬೆವರಗ್ರಂಥಿಯ ರಚನೆಯನ್ನು ಸೂಕ್ಷ್ಮದರ್ಶಕದಿಂದ ವಿವರಿಸಿದರು. 1922ರಲ್ಲಿ ಶೀಫರ್‌ಡೆಕರ್ ಮೈಯೆಲ್ಲ ಹರಡಿರುವ ನೀರುಬೆವರಿನ ಗ್ರಂಥಿಗಳನ್ನೂ ಕಂಕುಳು ಮೊದಲಾದೆಡೆಯ ವಾಸನೆಯ ಗ್ರಂಥಿಗಳನ್ನೂ ಬೇರ್ಪಡಿಸಿದನು. ನಮ್ಮ ದೃಷ್ಟಿಯಿಂದ ಹೆಚ್ಚು ಮಹತ್ತ್ವದ ಹೆಸರು ಜಪಾನಿನ ಯಾಸ್ ಕುನೊ ಅವರದು. 1934ರಲ್ಲಿ ಪ್ರಕಟವಾಗಿ 1956ರಲ್ಲಿ ವಿಸ್ತೃತ ರೂಪ ಪಡೆದ ಅವರ ಗ್ರಂಥದಲ್ಲಿ, ಕೆಲಸ ಮಾಡುವ ಬೆವರಗ್ರಂಥಿಗಳ ಸಂಖ್ಯೆ ಮಗುವಿನ ಮೊದಲ ಎರಡು–ಎರಡೂವರೆ ವರ್ಷಗಳ ಹವೆಯಿಂದ ನಿರ್ಧಾರವಾಗುತ್ತದೆಂದೂ ಉಷ್ಣವಲಯದಲ್ಲಿ ಬೆಳೆದವರಲ್ಲಿ ಅದು ಹೆಚ್ಚೆಂದೂ ವಾದಿಸಲಾಗಿದೆ. ಬಿಸಿಲು ತೊಟ್ಟಿಲಲ್ಲಿಯೇ ಮೈಯನ್ನು ತಿದ್ದುತ್ತದೆ ಎಂದಾಯಿತು. ಆದರೆ ಇದರಿಂದ ‘ಇಲ್ಲಿಯವರಿಗೆ ಬಿಸಿಲು ರೂಢಿ, ಅವರಿಗೇನೂ ಆಗದು’ ಎಂಬ ನಿರ್ಣಯಕ್ಕೆ ಬರುವುದು ತಪ್ಪು. ರೂಢಿಯಾದ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳುತ್ತದೆ. ಆದರೆ ಅದಕ್ಕೆ ನೀರು ಕಡಿಮೆ ಸಾಲುವುದಿಲ್ಲ, ಹೆಚ್ಚು ಬೇಕಾಗುತ್ತದೆ.

ಬೆವರಿನ ಅಧ್ಯಯನಕ್ಕೆ ಹಣವೂ ಆಸಕ್ತಿಯೂ ಒದಗಿದ್ದು ಬಹುಮಟ್ಟಿಗೆ ಗಣಿ ಮತ್ತು ಸೈನ್ಯಗಳಿಂದ. 1923ರಲ್ಲಿ ಇಂಗ್ಲೆಂಡಿನ ಮಾಸ್ ಎಂಬಾತ ಕಲ್ಲಿದ್ದಲ ಗಣಿಯವರನ್ನು ಹಿಡಿಯುವ ಸ್ನಾಯುಸೆಳೆತಕ್ಕೆ ಬೆವರಿನೊಡನೆ ಹೋಗುವ ಉಪ್ಪು ಕಾರಣವೆಂದೂ ಬರಿಯ ನೀರು ಕುಡಿಯುವುದರಿಂದ ಅದು ಉಲ್ಬಣಿಸುವುದೆಂದೂ ಉಪ್ಪುನೀರು ಅದಕ್ಕೆ ಪರಿಹಾರವೆಂದೂ ತೋರಿಸಿದನು. ಹೊಲಕ್ಕೆ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಒಯ್ಯುವ ನಮ್ಮ ರೈತರಿಗೆ ಈ ಶೋಧನೆ ಹೊಸತಾಗಿ ಕಾಣದು. ಕರ್ನಾಟಕದ ಮಟ್ಟಿಗೆ ಈ ಬಗೆಯ ಸಂಶೋಧನೆ ನಡೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಮೂರು ಕಿಲೊಮೀಟರಿಗೂ ಮಿಕ್ಕಿ ಇಳಿದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಗಳೇ ಕಾದಿರುತ್ತಿದ್ದವು. ಸುರಂಗದಲ್ಲಿ ಕುಸಿದು ಬೀಳುವ ಕೆಲಸಗಾರರ ಪ್ರಕರಣಗಳನ್ನು ವಿಶ್ಲೇಷಿಸಿ ಎ. ಕ್ಯಾಪ್ಲನ್ 1944ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮರುವರ್ಷಗಳಲ್ಲಿ ಲಿಂಡ್ಸೆ ಎಂಬುವರೊಡನೆ ಸೇರಿ, ಹೆಚ್ಚಿನ ಉಷ್ಣತೆ ಆಳಗಣಿಯ ಕೆಲಸಗಾರರ ಕಾರ್ಯದಕ್ಷತೆಯ ಮೇಲೆ ಬೀರುವ ಪರಿಣಾಮವನ್ನು ಪ್ರಯೋಗಗಳಿಂದ ಪರೀಕ್ಷಿಸಿದರು. ಈ ಎರಡನೆಯ ಪ್ರಬಂಧದ ಶೀರ್ಷಿಕೆಯಲ್ಲಿರುವ ‘ದಕ್ಷತೆ’ ಎಂಬ ಪದವನ್ನು ಗಮನಿಸಬೇಕು. ಇಂಥ ಅಧ್ಯಯನಗಳಿಂದ ಜೀವಗಳು ಉಳಿದದ್ದು ನಿಜ. ಆದರೆ ಪ್ರಶ್ನೆಯನ್ನು ಹಾಕಿದವರು ಕಂಪನಿಯವರು. ಎಷ್ಟು ಬಿಸಿಯಲ್ಲಿ ಎಷ್ಟು ಕೆಲಸ ಇಳಿದೀತು ಎಂಬುದು ಅವರಿಗೆ ಬೇಕಾಗಿದ್ದ ಲೆಕ್ಕ. ಸುರಪುರದಿಂದ ಕೃಷ್ಣೆಯ ಆಚೆಗಿರುವ ಹಟ್ಟಿಯಲ್ಲಿಯೂ ಸುರಪುರದ ಒಳಗೇ ಇರುವ ಮಂಗಳೂರು ಶಿಲಾಪಟ್ಟಿಯಲ್ಲಿಯೂ ಚಿನ್ನ ಅಗೆದ ಚರಿತ್ರೆ ಹಳೆಯದು. (ಈ ಮಂಗಳೂರು ಕರಾವಳಿಯ ನಗರವಲ್ಲ, ಸುರಪುರ ಸೀಮೆಯ ಗ್ರಾಮವೆಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ. ಗ್ರಂಥಾಲಯಗಳ ಸೂಚಿಗಳಲ್ಲಿ ಈ ಗೊಂದಲಕ್ಕೆ ಎಡೆಯಿದೆ.)

ಸುರಪುರದ ಬಗ್ಗೆ ಬರೆಯುವಾಗ ಫಿಲಿಪ್ ಮೆಡೋಸ್ ಟೇಲರ್‌ನ ಹೆಸರನ್ನು ಬಿಡುವಂತಿಲ್ಲ. 1841ರಿಂದ 1853ರವರೆಗೆ ಇಲ್ಲಿ ಅಧಿಕಾರಿಯಾಗಿದ್ದ ಅವನು ಆಡಳಿತ, ಕೆರೆಕಟ್ಟೆ, ಬೃಹತ್‌ಶಿಲಾ ಸಮಾಧಿಗಳು ಎಲ್ಲವನ್ನೂ ಆಸಕ್ತಿಯಿಂದ ನೋಡಿದವನು. ಅವನ ಆತ್ಮಕಥೆ ಮರಣಾನಂತರ 1877ರಲ್ಲಿ ಪ್ರಕಟವಾಯಿತು. ಬಿಸಿಲನ್ನೂ ಜ್ವರವನ್ನೂ ಕುರಿತು ವಸಾಹತುಕಾಲದ ಯೂರೋಪಿಯನ್ನರು ಬರೆದುದೆಲ್ಲ ಬಹುಪಾಲು ತಮ್ಮ ಮೈಯ ಅನುಭವ. ಖಸ್ ತಟ್ಟಿಗೆ ನೀರೆರಚುವ, ಪಂಖಾ ಎಳೆಯುವ ಆಳಿನ ಮೈ ಹೇಗಿತ್ತೆಂಬುದು ಅವರ ದಾಖಲೆಗಳ ವಸ್ತುವಾಗಲಿಲ್ಲ. ಸುರಪುರ ಸಂಸ್ಥಾನ ಕೊನೆಗೊಂಡು ಈ ಪ್ರದೇಶ ನಿಜಾಮನ ವಶಕ್ಕೆ ಬಂದು, 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಮುಂಬಯಿ–ಮದರಾಸು ರೈಲುಮಾರ್ಗ ಯಾದಗಿರಿಯನ್ನು ಹಾದುಹೋಯಿತು. ಆ ಹಳಿಗೆ ಮಣ್ಣು ಹೊತ್ತವರ ಬಿಸಿಲಿನ ಕಥೆಯೂ ಅಷ್ಟೇ.

ಬೆವರು ರೋಗದ ಸಾಕ್ಷಿಯಾಗಿ ಆಸ್ಪತ್ರೆಯನ್ನು ಪ್ರವೇಶಿಸಿದ್ದು ಬೇರೆ ದಾರಿಯಿಂದ. ಭಾರತದಲ್ಲಿ ಅದರ ಹಳೆಯ ಬಳಕೆ ಕುಷ್ಠರೋಗದ ನಿದಾನದಲ್ಲಿ ಕಾಣುತ್ತದೆ. ಕುಷ್ಠದ ಮಚ್ಚೆಯಲ್ಲಿ ನರಗಳು ನಾಶವಾಗುವುದರಿಂದ ಅಷ್ಟು ಜಾಗ ಬೆವರುವುದಿಲ್ಲ. ಅಯೋಡಿನ್ ಹಚ್ಚಿ ಪಿಷ್ಟದ ಪುಡಿ ಉದುರಿಸಿದರೆ ಬೆವರಿದ ಚರ್ಮ ಕಪ್ಪುನೀಲಿಯಾಗುತ್ತದೆ, ಬೆವರದ ಮಚ್ಚೆ ಹಾಗೆಯೇ ಉಳಿಯುತ್ತದೆ. 1928ರಲ್ಲಿ ಮೈನರ್ ಎಂಬ ವೈದ್ಯ ರೂಪಿಸಿದ ಈ ಸರಳ ಪರೀಕ್ಷೆ ಯಂತ್ರವನ್ನು ಬೇಡದೆ ಹಳ್ಳಿಯ ಚಿಕಿತ್ಸಾಲಯಕ್ಕೂ ಒಗ್ಗುವಂಥದು. ಹೈದರಾಬಾದ್ ಸಂಸ್ಥಾನದಲ್ಲಿ ಕುಷ್ಠಚಿಕಿತ್ಸೆಯ ಪ್ರಮುಖ ಕೇಂದ್ರ ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿ. ಯಾದಗಿರಿ ಸೀಮೆಯ ವೈದ್ಯಕೀಯ ಚರಿತ್ರೆಯನ್ನು ಬರೆಯುವವರು ಅಲ್ಲಿಯ ದಾಖಲೆಗಳನ್ನೂ ನೋಡಬೇಕು.

ಎರಡನೆಯ ಬಳಕೆಗೆ ಒಂದು ಬೇಸಿಗೆಯೇ ಕಾರಣವಾಯಿತು. 1948ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಉಷ್ಣದ ಅಲೆ ಎದ್ದಾಗ ಬಳಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶವಾಹಿ ರೋಗದವರು ಅಸಹಜವಾಗಿ ಹೆಚ್ಚಾಗಿದ್ದರು. ಈ ಸುಳಿವನ್ನು ಹಿಡಿದ ಡಿ ಸಾಂಟಾಗ್ನೀಸ್ ಆ ಮಕ್ಕಳ ಬೆವರು ಅತಿಯಾಗಿ ಉಪ್ಪಾಗಿರುತ್ತದೆಂದು 1953ರಲ್ಲಿ ತೋರಿಸಿದರು. ಪೈಲೊಕಾರ್ಪಿನ್ ಔಷಧವನ್ನು ಮಂದ ವಿದ್ಯುತ್ತಿನಿಂದ ಚರ್ಮಕ್ಕೆ ಇಳಿಸಿ ಬೆವರು ಬರಿಸುವ ವಿಧಾನವನ್ನು 1959ರಲ್ಲಿ ಗಿಬ್ಸನ್ ಮತ್ತು ಕುಕ್ ಪ್ರಕಟಿಸಿದರು. ಬೆವರಿನಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗವಿದೆಯೆಂದು ಭಾವಿಸುವ ಕ್ರಮ ಇಂದಿಗೂ ಉಳಿದಿದೆ. ಬೆವರನ್ನು ಅಳೆದು ರೋಗವನ್ನು ನಿರ್ಣಯಿಸುವ ಪರೀಕ್ಷೆಗಳಲ್ಲಿ ಇದರಷ್ಟು ಗಟ್ಟಿಯಾಗಿ ನೆಲೆಯೂರಿದ್ದು ಇನ್ನೊಂದಿಲ್ಲ. ಈ ರೋಗ ಭಾರತೀಯರಲ್ಲಿ ಇಲ್ಲವೆಂಬ ನಂಬಿಕೆ ಬಹುಕಾಲ ಇತ್ತು. 1960ರ ದಶಕದ ಕೊನೆಯಿಂದ ಪ್ರಕರಣಗಳು ವರದಿಯಾದವು. ವಿದೇಶಿ ಉಪಕರಣದ ಬೆಲೆಯೇ ಅಡ್ಡಿಯಾಗಿದ್ದುದರಿಂದ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಎಸ್.ಕೆ. ಕಾಬ್ರಾ ಮತ್ತು ಸಂಗಡಿಗರು ದೇಶೀಯ ವಿಧಾನವೊಂದನ್ನು ರೂಪಿಸಿ 2002ರಲ್ಲಿ ಪ್ರಕಟಿಸಿದರು. ಈ ರೋಗವಿರುವ ಮಗು ಬೇಸಿಗೆಯಲ್ಲಿ ಉಪ್ಪು ಕಳೆದುಕೊಂಡು ಕುಸಿದರೆ ನಮ್ಮ ಹಳ್ಳಿಗಳಲ್ಲಿ ಅದಕ್ಕೆ ‘ಬಿಸಿಲು ಬಡಿಯಿತು’ ಎಂದೇ ಹೆಸರು ಬಿದ್ದೀತು. ರೋಗ ಇಲ್ಲದಿರುವುದಕ್ಕೂ ಪರೀಕ್ಷೆ ಇಲ್ಲದಿರುವುದಕ್ಕೂ ಇರುವ ಭೇದವನ್ನು ಈ ಪ್ರಸಂಗ ಚೆನ್ನಾಗಿ ತಿಳಿಸುತ್ತದೆ.

ಇತ್ತೀಚಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 2016ರಲ್ಲಿ ಬರ್ಕ್ಲಿಯ ವೇ ಗಾವೊ, ಅಲಿ ಜಾವೆ ಮೊದಲಾದವರು ಮಣಿಕಟ್ಟಿಗೆ ಅಥವಾ ಹಣೆಗೆ ಕಟ್ಟಿಕೊಳ್ಳುವ ಪಟ್ಟಿಯೊಂದರಿಂದ ಬೆವರಿನಲ್ಲಿರುವ ಗ್ಲೂಕೋಸ್, ಲ್ಯಾಕ್ಟೇಟ್, ಸೋಡಿಯಂ, ಪೊಟಾಸಿಯಂಗಳನ್ನು ಏಕಕಾಲದಲ್ಲಿ ಅಳೆದು ತೋರಿಸಿದರು. ಅದೇ ವರ್ಷ ಜಾನ್ ರೋಜರ್ಸ್ ಅವರ ತಂಡ ಚರ್ಮಕ್ಕೆ ಅಂಟುವ, ಸೂಕ್ಷ್ಮ ನಾಳಗಳುಳ್ಳ ಮೆತ್ತನೆಯ ಪಟ್ಟಿಯನ್ನು ಸೈಕಲ್ ಸ್ಪರ್ಧಿಗಳ ಮೇಲೆ ಪರೀಕ್ಷಿಸಿತು. 2021ರಲ್ಲಿ ಅಂಥ ಪಟ್ಟಿ ಕ್ರೀಡಾಪಟುಗಳಿಗಾಗಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಈ ಸಾಧನೆಗಳ ಮಿತಿಗಳನ್ನೂ ಹೇಳಬೇಕು. ಬೆವರಿನ ಗ್ಲೂಕೋಸ್ ರಕ್ತದಲ್ಲಿರುವುದರ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಚರ್ಮದ ಮೇಲಿನ ಕೊಳೆಯೂ ಅಳತೆಯನ್ನು ಕೆಡಿಸುತ್ತದೆ. ಲ್ಯಾಕ್ಟೇಟಿನ ಹೆಚ್ಚಿನ ಭಾಗ ಬೆವರಗ್ರಂಥಿಯಲ್ಲಿಯೇ ಹುಟ್ಟುವುದರಿಂದ ಅದು ರಕ್ತದ ಸ್ಥಿತಿಯನ್ನು ನೇರವಾಗಿ ಹೇಳದು. ಗ್ರಂಥಿಯ ನಾಳ ಸೋಡಿಯಂ ಅನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಬೆವರು ವೇಗವಾಗಿ ಹರಿದಾಗ ಹೀರಲು ವೇಳೆ ಸಾಲದೆ ಉಪ್ಪಿನ ಪ್ರಮಾಣ ಏರುತ್ತದೆ. ಆದುದರಿಂದ ಬೆವರಿನ ವೇಗವನ್ನು ಅಳೆಯದೆ ಅದರ ಉಪ್ಪನ್ನು ಮಾತ್ರ ಅಳೆದರೆ ಫಲವಿಲ್ಲ. ಸದ್ಯಕ್ಕೆ ಈ ಪಟ್ಟಿಗಳು ನಂಬಿಕೆಯಿಂದ ಹೇಳಬಲ್ಲುದು ಎಷ್ಟು ನೀರು, ಎಷ್ಟು ಉಪ್ಪು ಹೋಯಿತೆಂಬುದನ್ನು. ನಮ್ಮ ಸೀಮೆಗೆ ಬೇಕಾದುದೂ ಅದೇ. ಏಕೆಂದರೆ ಇಲ್ಲಿ ನೀರು ಬರಿಯ ನೀರಲ್ಲ.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಲಂಬಾಣಿ ಜನರ ವಸತಿ, ಮಂಗಳೂರು ಶಿಲಾಪಟ್ಟಿಯ ಹಳೆಯ ಚಿನ್ನದ ಗಣಿಗೆ ಸಮೀಪದಲ್ಲಿದೆ. ಚಿನ್ನದ ಅದಿರಿನೊಡನೆ ಆರ್ಸೆನಿಕ್ ಉಳ್ಳ ಖನಿಜಗಳು ಬೆರೆತಿರುವುದು ಭೂವಿಜ್ಞಾನಿಗಳಿಗೆ ತಿಳಿದ ಸಂಗತಿ. ಈ ತಾಂಡಾದ ಜನರ ಚರ್ಮದ ವ್ಯಾಧಿ ಗಮನ ಸೆಳೆದ ಮೇಲೆ, ಬಂಗಾಳದ ಆರ್ಸೆನಿಕ್ ದುರಂತವನ್ನು ಜಗತ್ತಿಗೆ ತಿಳಿಸಿದ ಡಾ. ದೀಪಂಕರ ಚಕ್ರವರ್ತಿ ಮತ್ತು ಸಹಸಂಶೋಧಕರು ಇಲ್ಲಿ ಪರೀಕ್ಷೆ ನಡೆಸಿ 2013ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಪರೀಕ್ಷಿಸಿದ 59 ಕೊಳವೆಬಾವಿಗಳ ಪೈಕಿ ಶೇಕಡಾ 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಾರ್ಗದರ್ಶಿ ಮಿತಿಯನ್ನು ಮೀರಿತ್ತು; ಗರಿಷ್ಠ ಪ್ರಮಾಣ 303 ಮೈಕ್ರೊಗ್ರಾಂ. ಮೇಲ್ಮಣ್ಣಿನ 12 ಮಾದರಿಗಳಲ್ಲಿ 6 ಮಾದರಿಗಳು ಕಿಲೊಗ್ರಾಮಿಗೆ 2000 ಮಿಲಿಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಹೊಂದಿದ್ದವು. ಗಣಿಯ ಹೊರಚೆಲ್ಲಿದ ಪುಡಿಮಣ್ಣು ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ಸೂಚಿಸಿದರು. 171 ಜನರಿಂದ ಪಡೆದ ಕೂದಲು ಮತ್ತು ಉಗುರಿನ ಎಲ್ಲ ಮಾದರಿಗಳಲ್ಲಿಯೂ ಆರ್ಸೆನಿಕ್ ಹೆಚ್ಚಾಗಿತ್ತು. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇಕಡಾ 58.6ರಷ್ಟು ಮಂದಿಯ ಚರ್ಮದಲ್ಲಿ ಆರ್ಸೆನಿಕ್ ವಿಷದ ಗುರುತುಗಳಿದ್ದವು. ಚರ್ಮದ ತುಣುಕು ತೆಗೆದು ಪರೀಕ್ಷಿಸಿದ ನಾಲ್ವರಲ್ಲಿ ಮೂವರಿಗೆ ಆರ್ಸೆನಿಕ್‌ನಿಂದಾದ ಚರ್ಮವ್ಯಾಧಿ ಇರುವುದು ದೃಢಪಟ್ಟಿತು.

ಸಂಶೋಧಕರು ಕೂದಲು–ಉಗುರುಗಳನ್ನು ಆರಿಸಿಕೊಂಡದ್ದಕ್ಕೆ ಸ್ಪಷ್ಟ ಕಾರಣವಿದೆ. ಆರ್ಸೆನಿಕ್ ಅವುಗಳಲ್ಲಿರುವ ಕೆರಾಟಿನ್ ಪ್ರೋಟೀನಿನ ಗಂಧಕಕ್ಕೆ ಅಂಟಿಕೊಂಡು ಉಳಿಯುತ್ತದೆ. ಮೂತ್ರ ಕೆಲವು ದಿನಗಳ ಹಿಂದಿನದನ್ನು ಹೇಳಿದರೆ ಉಗುರು ತಿಂಗಳುಗಳ ಹಿಂದಿನದನ್ನು ಹೇಳುತ್ತದೆ. ಬೆವರಿನಲ್ಲಿಯೂ ಆರ್ಸೆನಿಕ್ ಹೊರಬರುತ್ತದೆ. ಬಾಂಗ್ಲಾದೇಶದಲ್ಲಿ ವಿಷಪೀಡಿತರ ಚರ್ಮಸ್ರಾವವನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನವೂ, ಬೆವರಿನಲ್ಲಿರುವ ಆರ್ಸೆನಿಕ್, ಸೀಸ, ಪಾದರಸ, ಕ್ಯಾಡ್ಮಿಯಂಗಳನ್ನು ಕುರಿತು 2012ರಲ್ಲಿ ಬಂದ ಸಮೀಕ್ಷೆಯೂ ಇದಕ್ಕೆ ಆಧಾರ. ಆದರೆ ಬೆವರಿಳಿಸಿ ವಿಷವನ್ನು ಹೊರಹಾಕಬಹುದೆಂಬ ಪ್ರಚಾರಕ್ಕೆ ಇದನ್ನು ಬಳಸುವುದು ಅಪಾಯಕರ. ಆರ್ಸೆನಿಕ್ ದೇಹದಿಂದ ಹೊರಹೋಗುವ ಮುಖ್ಯ ದಾರಿ ಮೂತ್ರ. ಅಂಗೈ–ಅಂಗಾಲುಗಳಲ್ಲಿ ಬೆವರಗ್ರಂಥಿಗಳು ಅತ್ಯಂತ ದಟ್ಟವಾಗಿವೆ, ಆರ್ಸೆನಿಕ್ ಪೀಡಿತರ ಚರ್ಮ ಗಂಟುಗಟ್ಟುವುದೂ ಅಲ್ಲಿಯೇ. ಆದರೂ ಎರಡೂ ಒಂದೆಡೆ ಇವೆ ಎಂಬ ಮಾತ್ರಕ್ಕೆ ಕಾರ್ಯಕಾರಣ ಸಂಬಂಧವನ್ನು ಹೇಳಲಾಗದು.

ಬೆವರಿಗೂ ಈ ವಿಷಕ್ಕೂ ಇರುವ ನಿಜವಾದ ಸಂಬಂಧ ಬೇರೆ ಕಡೆಗಿದೆ, ಅದು ಸರಳ ಲೆಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆ ನೀರಿನ ಮಿತಿಗಳನ್ನು ಲೆಕ್ಕಹಾಕುವಾಗ ಸಾಮಾನ್ಯವಾಗಿ ವಯಸ್ಕನೊಬ್ಬ ದಿನಕ್ಕೆ 2 ಲೀಟರ್ ನೀರು ಕುಡಿಯುತ್ತಾನೆಂದು ಭಾವಿಸುತ್ತದೆ. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರಬಲ್ಲ. ಬೇಸಿಗೆಯಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ತಾಂಡಾದ ಹೆಣ್ಣುಮಗಳೊಬ್ಬಳು ದಿನಕ್ಕೆ 5 ಲೀಟರ್ ಕುಡಿದಳೆಂದು ಇಟ್ಟುಕೊಂಡರೂ ಅದು ಅತಿಶಯವಲ್ಲ. ಕಿರದಳ್ಳಿಯ ಗರಿಷ್ಠ ಪ್ರಮಾಣದ ಬಾವಿಯ ನೀರನ್ನು 2 ಲೀಟರ್ ಕುಡಿದವರಿಗೆ ದಿನಕ್ಕೆ 606 ಮೈಕ್ರೊಗ್ರಾಂ ಆರ್ಸೆನಿಕ್ ಸೇರಿದರೆ, 5 ಲೀಟರ್ ಕುಡಿದವರಿಗೆ 1515 ಮೈಕ್ರೊಗ್ರಾಂ ಸೇರುತ್ತದೆ. ಒಂದೇ ಬಾವಿ, ನೆರಳಿನಲ್ಲಿ ಕುಳಿತವರಿಗೊಂದು ವಿಷ, ಬಿಸಿಲಿನಲ್ಲಿ ದುಡಿಯುವವರಿಗೆ ಅದರ ಎರಡೂವರೆ ಪಟ್ಟು. ಆರ್ಸೆನಿಕ್ಕಿನ 10 ಮೈಕ್ರೊಗ್ರಾಂ ಮಿತಿ ತಾತ್ಕಾಲಿಕವಾದುದು, ನೀರನ್ನು ಶುದ್ಧೀಕರಿಸುವ ಮತ್ತು ಅಳೆಯುವ ಸಾಧ್ಯತೆಗಳನ್ನು ನೋಡಿ ನಿಗದಿಪಡಿಸಿದುದು ಎಂಬುದು ನಿಜ. ಹಾಗಾಗಿಯೇ ಮಿತಿಯೊಳಗಿನ ನೀರು ಎಲ್ಲರಿಗೂ ಸಮಾನವಾಗಿ ಸುರಕ್ಷಿತವೆಂದು ಹೇಳಲಾಗುವುದಿಲ್ಲ.

ಫ್ಲೋರೈಡ್ ವಿಷಯದಲ್ಲಿ ಈ ತರ್ಕ ಹಿಂದೆಯೇ ಅಂಗೀಕೃತವಾಗಿದೆ. 1937ರಲ್ಲಿ ಷಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಜಿಲ್ಲೆಯಲ್ಲಿ ಮೂಳೆಯ ಫ್ಲೋರೋಸಿಸ್ ರೋಗವನ್ನು ವರ್ಣಿಸಿದಂದಿನಿಂದ ದಖ್ಖನ್ನಿನ ಗಟ್ಟಿಶಿಲೆಯ ಅಂತರ್ಜಲದ ಈ ದೋಷ ತಿಳಿದಿದೆ. ಯಾದಗಿರಿ ಸೀಮೆಯ ಹಳ್ಳಿಗಳೂ ಅದರಿಂದ ಹೊರತಲ್ಲ. ಅಮೆರಿಕದ ಗಲಗನ್ ಮತ್ತು ವರ್ಮಿಲಿಯನ್ 1957ರಲ್ಲಿ ಹವೆಯ ಉಷ್ಣತೆಗೆ ಅನುಸಾರವಾಗಿ ಜನ ಕುಡಿಯುವ ನೀರಿನ ಪ್ರಮಾಣವನ್ನು ಅಂದಾಜಿಸುವ ಸೂತ್ರ ರೂಪಿಸಿದರು. ಅದರ ಆಧಾರದಿಂದ ಬಿಸಿ ಪ್ರದೇಶಗಳ ನೀರಿನಲ್ಲಿ ಫ್ಲೋರೈಡ್ ಕಡಿಮೆ ಇರಬೇಕೆಂದು ತೀರ್ಮಾನವಾಯಿತು. ರಾಷ್ಟ್ರೀಯ ಮಿತಿಗಳನ್ನು ನಿಗದಿಪಡಿಸುವಾಗ ಹವಾಮಾನವನ್ನೂ ಕುಡಿಯುವ ನೀರಿನ ಪ್ರಮಾಣವನ್ನೂ ಗಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆದರೆ ಆ ಸೂತ್ರ ಹವೆಯನ್ನು ಗಣಿಸಿತೇ ಹೊರತು ದುಡಿಮೆಯನ್ನು ಗಣಿಸಲಿಲ್ಲ. ಅದಕ್ಕೆ ಆಧಾರವಾದವರು ಕ್ಯಾಲಿಫೋರ್ನಿಯಾದ ಮಕ್ಕಳು, ಹೊಲಗೆಲಸದವರಲ್ಲ.

1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದಿಂದ ಹೊರಟ ಕಾಲುವೆಗಳು ಸುರಪುರ–ಶಹಾಪುರಗಳ ಒಣಭೂಮಿಯನ್ನು ಗದ್ದೆಯಾಗಿಸಿವೆ. ಜೋಳ–ತೊಗರಿಯ ಹೊಲದ ಒಣಬಿಸಿಲಿನಲ್ಲಿ ಬೆವರು ಆರುತ್ತದೆ. ನೀರು ನಿಂತ ಗದ್ದೆಯಲ್ಲಿ ಬಾಗಿ ಭತ್ತದ ಸಸಿ ನೆಡುವಾಗ ಗಾಳಿ ತೇವವಾಗಿರುವುದರಿಂದ ಬೆವರು ಅಷ್ಟಾಗಿ ಆರದು. ನೀರಾವರಿಯಿಂದ ಉಷ್ಣತೆ ತಗ್ಗಿದರೂ ತೇವಬಿಸಿಯ ಒತ್ತಡ ಹೆಚ್ಚಬಹುದೆಂದು ಭಾರತವನ್ನು ಕುರಿತ 2020ರ ಅಧ್ಯಯನ ಎಚ್ಚರಿಸಿದೆ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಬೇಸಿಗೆಯ ತಿಂಗಳುಗಳಿಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡಲಾಗುತ್ತಿದ್ದುದು ಒಣಬಿಸಿಲನ್ನು ಕಂಡು. ಗದ್ದೆಯ ಕುದಿಗೆ ಅಂಥ ಲೆಕ್ಕ ಯಾವುದೂ ಇಲ್ಲ.

ಈ ದಿಕ್ಕಿನಲ್ಲಿ ಸಂಶೋಧನೆ ನಡೆಸಲು ವಿದೇಶದ ದುಬಾರಿ ಪಟ್ಟಿಗಳೇ ಬೇಕೆಂದಿಲ್ಲ. ಕೆಲಸದ ಮೊದಲು ಮತ್ತು ಅನಂತರ ಮೈತೂಕ ನೋಡಿ, ನಡುವೆ ಕುಡಿದ ನೀರನ್ನು ಕೂಡಿಸಿ, ಮೂತ್ರವನ್ನು ಕಳೆದರೆ ಬೆವರಿನ ಪ್ರಮಾಣ ದೊರೆಯುತ್ತದೆ. ಇದು ಸ್ಯಾಂಟೋರಿಯೊನ ತಕ್ಕಡಿಯ ವಿಧಾನವೇ. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ತಕ್ಕಡಿ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇದೆ. ಹಿಂದಿನ ಬೇಸಿಗೆಯ ಲೆಕ್ಕ ಬೇಕಾದರೆ ಅದೂ ದೇಹದಲ್ಲಿ ದೊರೆಯುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕಾಲಿನ ಹೆಬ್ಬೆರಳ ಉಗುರು ಬುಡದಿಂದ ತುದಿಯವರೆಗೆ ಬೆಳೆಯಲು 12ರಿಂದ 18 ತಿಂಗಳು ಹಿಡಿಯುತ್ತದೆ. ತಾಂಡಾದ ಹೆಣ್ಣುಮಗಳ ಉದ್ದಗೂದಲಿನ ಎಳೆಯೊಂದನ್ನು ಸೆಂಟಿಮೀಟರಿಗೊಂದರಂತೆ ಕತ್ತರಿಸಿ ಪರೀಕ್ಷಿಸಿದರೆ, ಚೈತ್ರ–ವೈಶಾಖಗಳಲ್ಲಿ ಅವಳು ಕುಡಿದ ನೀರಿಗೂ ಪುಷ್ಯ–ಮಾಘಗಳಲ್ಲಿ ಕುಡಿದ ನೀರಿಗೂ ಇರುವ ಅಂತರ ಆ ತುಣುಕುಗಳಲ್ಲಿ ಕಾಣಬೇಕು.